ಮಧ್ಯಾಹ್ನ ಒಂದರಿಂದ ನಾಲ್ಕು

ಎಲ್ಲರಿಗೂ ನಮಸ್ಕಾರ. ಫ್ಯಾನ್ ತಿರುಗುತ್ತಿದೆ. ಕರೆಂಟ್ ಇರುವಷ್ಟರಲ್ಲಿ ಮುಗಿಸಿಬಿಡಿ ಟೀಚರೇ ಅಂತ ಅಧ್ಯಕ್ಷರು ಆಗಲೇ ಕಿವಿಯಲ್ಲಿ ಹೇಳಿದ್ದಾರೆ. ಒಂಬತ್ತು ಅಂಶ ಬರೆದುಕೊಂಡು ಬಂದಿದ್ದೇನೆ. ನನ್ನ ಹತ್ತಿರ ಕಲಿತವರು ನಾಲ್ಕೈದು ಜನ ಇಲ್ಲಿ ಕಾಣುತ್ತಿದ್ದೀರಿ. ನನ್ನ ಒಂಬತ್ತು ಅಂಶ ಯಾವತ್ತೂ ಮೂರು ದಾಟಿಲ್ಲ ಅಂತ ನಿಮಗೆ ಗೊತ್ತು.

ಮೊದಲು ಒಂದು ತಕರಾರು. ಆಮಂತ್ರಣದಲ್ಲಿ 'ಒಂಟಿ ಮಹಿಳೆಯ ಸಾಹಸ ಪ್ರವಾಸ' ಅಂತ ಅಚ್ಚು ಹಾಕಿಸಿದ್ದೀರಿ. ಒಂಟಿ, ಹೌದು. ಮಹಿಳೆ, ಹೌದು. ಸಾಹಸ ಎಲ್ಲಿಂದ ಬಂತು? ನಿವೃತ್ತ ಮೇಷ್ಟ್ರು ಒಬ್ಬರೇ ಬ್ಯಾಂಕಾಕಿಗೆ ಹೋಗಿ ಬಂದರೆ ಊರಿನವರು ಕಣ್ಣು ಮಿಟುಕಿಸುತ್ತಾರೆ. ನಿವೃತ್ತ ಟೀಚರ್ ಹೋಗಿ ಬಂದರೆ ಸಾಹಸ ಅನ್ನುತ್ತಾರೆ. ನಗಬೇಡಿ, ನೀವೇ ಅಚ್ಚು ಹಾಕಿಸಿದ್ದು. ನಮ್ಮವ್ವ ಕೂಡ "ಒಬ್ಬಾಕಿನೇ ಹೊಂಟೀಯೇನು?" ಅಂತ ಹತ್ತು ಸಲ ಕೇಳಿದಳು. ಅವಳಿಗೆ ಎಂಬತ್ತೆರಡು, ನನಗೆ ಆಗ ಅರವತ್ತೊಂದು.

ನಾನು ಇವತ್ತು ಹೇಳಬೇಕೆಂದಿರುವುದು ಧೈರ್ಯದ ವಿಷಯ ಅಲ್ಲ, ಮಧ್ಯಾಹ್ನದ ವಿಷಯ. ಬಿಸಿಲಿನ ಊರಿಗೆ ಒಬ್ಬರೇ ಹೋದವರು ಮೊದಲ ಮೂರು ದಿನ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಏನು ಮಾಡಬೇಕು ಅನ್ನುವುದೇ ಇಡೀ ಪ್ರವಾಸದ ಗುಟ್ಟು. ಏನೂ ಮಾಡಬಾರದು. ಇದು ರಾಯಚೂರಿನವರಿಗೆ ಹೇಳಿಕೊಡಬೇಕಾದ ವಿಷಯವೇ? ಅಲ್ಲ. ಆದರೆ ನಾನು ರಾಯಚೂರಿನವಳೇ, ನಾನೇ ಮರೆತೆ.

2024ರ ಏಪ್ರಿಲ್ ಕೊನೆಯ ವಾರ. ಥಾಯ್ ಲೆಕ್ಕದಲ್ಲಿ ಅದು 2567. ಅವರು ಬುದ್ಧನ ವರ್ಷ ಎಣಿಸುತ್ತಾರೆ, ನಮಗಿಂತ 543 ಮುಂದೆ. ಅವರ ಹೊಸ ವರ್ಷ ಸೊಂಗ್‌ಕ್ರಾನ್ ಆಗಷ್ಟೇ ಮುಗಿದಿತ್ತು. ಸೊಂಗ್‌ಕ್ರಾನ್ ಅಂದರೆ ನಮ್ಮ ಸಂಕ್ರಾಂತಿಯೇ, ಏಪ್ರಿಲ್ 13ಕ್ಕೆ ಬರುತ್ತದೆ, ಎಳ್ಳು ಬೆಲ್ಲದ ಬದಲು ನೀರೆರಚುತ್ತಾರೆ. ಆಗ ನಮಗೆ ವೀಸಾ ಬೇಕಿರಲಿಲ್ಲ. ಹೈದರಾಬಾದಿನಿಂದ ರಾತ್ರಿ ವಿಮಾನ ಹತ್ತಿದರೆ ಬೆಳಗ್ಗೆ ಬ್ಯಾಂಕಾಕ್. ಇಲ್ಲಿಂದ ಬೆಂಗಳೂರಿಗೆ ರೈಲಲ್ಲಿ ಹೋಗುವುದಕ್ಕಿಂತ ಕಡಿಮೆ ಹೊತ್ತು. ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಒಳಗೆ ಸಮುದ್ರಮಥನದ ದೊಡ್ಡ ಶಿಲ್ಪ. ಹೋಗಿ ಇಳಿದವಳಿಗೆ ವಿದೇಶ ಅನ್ನಿಸಲೇ ಇಲ್ಲ, ಅದೇ ಮೊದಲ ಮೋಸ.

ಅಲ್ಲಿಂದ ಅವರ ದುಡ್ಡಿನಲ್ಲಿ 45 ಬಾತ್ ಕೊಟ್ಟು ಫಯಾ ಥಾಯ್‌ವರೆಗೆ ರೈಲು. ಆಮೇಲೆ ಸಿಟಿ ಬಸ್ಸು, ಎಸಿ ಇಲ್ಲದ್ದು, 8 ಬಾತ್. ಈ ಬಸ್ಸಿನ ಕಂಡಕ್ಟರಮ್ಮನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅವಳ ಕೈಲಿ ಉದ್ದನೆಯ ತಗಡಿನ ಕೊಳವೆ ಇತ್ತು. ನಮ್ಮ ರೊಟ್ಟಿ ಮಾಡುವವರ ಮನೆಯಲ್ಲಿ ಒಲೆ ಊದುವ ಕೊಳವೆ ಇರುತ್ತಲ್ಲ, ಅದಕ್ಕಿಂತ ಸ್ವಲ್ಪ ದಪ್ಪ. ಉದ್ದಕ್ಕೆ ಸೀಳಿ ಕೀಲು ಹಾಕಿದ್ದಾರೆ. ಒಳಗೆ ಟಿಕೆಟ್ ಸುರುಳಿ, ಚಿಲ್ಲರೆ, ಎಲ್ಲ. ಅದರ ಬಾಯಿಯನ್ನು ಟಕ ಟಕ ಟಕ ಅಂತ ಬಡಿಯುತ್ತಾ ಬರುತ್ತಾಳೆ. ಅಂದರೆ ದುಡ್ಡು ತೆಗೆ ಅಂತ. ಟಿಕೆಟ್ಟನ್ನೂ ಆ ಬಾಯಿಯಲ್ಲೇ ಕಚ್ಚಿಸಿ ಹರಿಯುತ್ತಾಳೆ. ಬಾಯಿಂದ ಒಂದು ಮಾತಿಲ್ಲ. ಮೂವತ್ತೈದು ವರ್ಷ ತರಗತಿಯಲ್ಲಿ ಕೂಗಿ ಗಂಟಲು ಕೆಡಿಸಿಕೊಂಡವಳು ನಾನು, ಇಂಥದ್ದೊಂದು ಯಾಕೆ ನನಗೆ ಹೊಳೆಯಲಿಲ್ಲ?

ಉಳಿದುಕೊಂಡದ್ದು ಹಾಸ್ಟೆಲಿನಲ್ಲಿ. ನಮ್ಮ ಬಿಸಿಎಂ ಹಾಸ್ಟೆಲ್ ಅಲ್ಲ, ಬೆನ್ನಿಗೆ ಚೀಲ ಹಾಕಿಕೊಂಡು ತಿರುಗುವವರ ಹಾಸ್ಟೆಲ್. ಖಾವ್ ಸಾನ್ ಬೀದಿಯ ಹತ್ತಿರ. ಖಾವ್ ಸಾನ್ ಅಂದರೆ ಅಕ್ಕಿ, ಹಿಂದೆ ಅಲ್ಲಿ ಅಕ್ಕಿ ಮಾರುತ್ತಿದ್ದರು, ಈಗ ಬಿಯರ್ ಮಾರುತ್ತಾರೆ. ಹೆಂಗಸರ ಕೋಣೆಯಲ್ಲಿ ಎಂಟು ಮಂಚ, ಒಂದರ ಮೇಲೊಂದು. ದಿನಕ್ಕೆ 350 ಬಾತ್, ಸುಮಾರು ಎಂಟುನೂರು ರೂಪಾಯಿ. ಹಿರಿಯ ನಾಗರಿಕಳು, ಲೋವರ್ ಬರ್ತ್ ಕೊಡಿ ಅಂದೆ. ಕೌಂಟರಿನ ಹುಡುಗಿಗೆ ಅರ್ಥ ಆಗಲಿಲ್ಲ, ಆದರೂ ಕೊಟ್ಟಳು. ಆದರೆ ಮಂಚ ಸಿಗುವುದು ಮಧ್ಯಾಹ್ನ ಎರಡಕ್ಕೆ. ಆಗ ಒಂಬತ್ತೂವರೆ. ಚೀಲ ಇಲ್ಲೇ ಇಟ್ಟು ತಿರುಗಾಡಿ ಬನ್ನಿ ಅಂದಳು.

ಇಲ್ಲಿಂದ ನನ್ನ ದಡ್ಡತನ ಶುರು. ದುಡ್ಡು ಕೊಟ್ಟು ಬಂದಿದ್ದೇನೆ, ಒಂದು ದಿನವೂ ಹಾಳಾಗಬಾರದು ಅಂತ ತಲೆಯಲ್ಲಿ ಹೊಕ್ಕಿಬಿಟ್ಟಿತ್ತು. ಚೀಟಿಯಲ್ಲಿ ಅರಮನೆ, ಮಲಗಿದ ಬುದ್ಧ, ಹೂವಿನ ಸಂತೆ, ಮೂರು ಬರೆದುಕೊಂಡಿದ್ದೆ. ರಾಯಚೂರಿನಲ್ಲಿ ಇದೇ ತಿಂಗಳು, ಇದೇ ಹೊತ್ತಿನಲ್ಲಿ ಯಾರಾದರೂ ಕೋಟೆ ನೋಡಲು ಹೊರಟರೆ ನಾವು ಏನಂತೀವಿ? ಹುಚ್ಚು ಹಿಡಿದಿದೆ ಅಂತೀವಿ. ಪಾಸ್‌ಪೋರ್ಟ್ ಮೇಲೆ ಸೀಲು ಬಿದ್ದ ಕೂಡಲೇ ಊರಲ್ಲಿ ಕಲಿತ ಬುದ್ಧಿ ಎಲ್ಲಿ ಹೋಗುತ್ತದೆ?

ಅರಮನೆಯ ಹತ್ತಿರ ಇಸ್ತ್ರಿ ಅಂಗಿ ಹಾಕಿದವನೊಬ್ಬ "ಇವತ್ತು ಅರಮನೆ ಬಂದ್, ಟುಕ್‌ಟುಕ್‌ನಲ್ಲಿ 20 ಬಾತ್‌ಗೆ ಬೇರೆ ಗುಡಿ ತೋರಿಸುತ್ತಾರೆ" ಅಂದ. ಈ ಕಥೆ ನಿಮಗೆಲ್ಲ ಯೂಟ್ಯೂಬಿನಲ್ಲಿ ಗೊತ್ತು, ಕೊನೆಗೆ ಹರಳಿನ ಅಂಗಡಿಗೆ ಕರೆದೊಯ್ಯುತ್ತಾರೆ. ಬಿಡಿ. ಅರಮನೆ ತೆರೆದೇ ಇತ್ತು, 500 ಬಾತ್. ಒಳಗಿನ ಗುಡಿಯ ಸುತ್ತ ಪ್ರಾಕಾರದ ಗೋಡೆ ಪೂರ್ತಿ ಅವರ ರಾಮಾಯಣ, ರಾಮಕಿಯೆನ್. 178 ಚಿತ್ರ. ನಮ್ಮ ಹನುಮಪ್ಪ ಅಲ್ಲಿ ಬ್ರಹ್ಮಚಾರಿ ಅಲ್ಲ, ಗೊತ್ತಾ? ಒಳ್ಳೆ ರಸಿಕ. ರಾವಣನ ಮಗಳು ಒಬ್ಬಳಿದ್ದಾಳೆ, ಸುವಣ್ಣಮಚ್ಛಾ, ಸುವರ್ಣಮತ್ಸ್ಯ, ಅರ್ಧ ಮೀನು. ಸೇತುವೆ ಕಟ್ಟಲು ಹಾಕಿದ ಕಲ್ಲನ್ನು ಕದಿಯಲು ಬಂದವಳು ಹನುಮನ ಪ್ರೀತಿಗೆ ಬೀಳುತ್ತಾಳೆ. ನಮ್ಮ ಓಣಿಯ ಹನುಮಪ್ಪನ ಪೂಜಾರಿಗೆ ಇದನ್ನು ಹೇಳಿದೆ. ಆ ವಾರ ತೀರ್ಥ ಕೊಡಲಿಲ್ಲ.

ಹನ್ನೆರಡು ಮುಕ್ಕಾಲಿಗೆ ಹೊರಗೆ ಬಂದೆ. ಹೂವಿನ ಸಂತೆಗೆ ಒಂದೂವರೆ ಕಿಲೋಮೀಟರ್. ಟುಕ್‌ಟುಕ್ಕಿನವನು 200 ಕೇಳಿದ. ನಾನು ರಾಯಚೂರಿನವಳು, ಬಿಸಿಲಿಗೆ ಹೆದರುತ್ತೇನಾ ಅಂತ ನಡೆದೆ.

ಈಗ ಒಂದು ವಿಜ್ಞಾನದ ಮಾತು, ನಾನು ಕನ್ನಡ ಟೀಚರ್, ಸಹಿಸಿಕೊಳ್ಳಿ. ನಮ್ಮದು ಒಣ ಬಿಸಿಲು. ಬೆವರು ಬಂದದ್ದೇ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಬ್ಯಾಂಕಾಕಿನ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ. ಬೆವರು ಆರುವುದಿಲ್ಲ, ಸುಮ್ನೆ ಸುರಿಯುತ್ತದೆ. ಹಾಗಾಗಿ ನಮ್ಮ 42ಕ್ಕಿಂತ ಅಲ್ಲಿನ 38 ಜಾಸ್ತಿ ಹೊಡೆಯುತ್ತದೆ. ಆ ವಾರವೇ ಬ್ಯಾಂಕಾಕ್ ಆಡಳಿತ, ಮೈಗೆ ತಾಗುವ ಬಿಸಿ 52 ಡಿಗ್ರಿ ದಾಟಬಹುದು, ಹೊರಗೆ ಬರಬೇಡಿ ಅಂತ ಎಚ್ಚರಿಕೆ ಕೊಟ್ಟಿತ್ತು. ಥಾಯ್ ಜನ ಬರಲಿಲ್ಲ. ಬೀದಿಯಲ್ಲಿದ್ದವರು ನಾನು, ಕೆಂಪಗೆ ಬೆಂದ ಇಬ್ಬರು ಯುರೋಪಿನವರು, ಒಂದು ನಾಯಿ. ನಾಯಿ ನೆರಳಲ್ಲಿತ್ತು.

ಪಾಕ್ ಖ್ಲಾಂಗ್ ತಲಾತ್, ಅಂದರೆ ಕಾಲುವೆ ಬಾಯಿಯ ಸಂತೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಕಿವಿ ಗುಂಯ್ ಅನ್ನುತ್ತಿತ್ತು. ಚೆಂಡು ಹೂವಿನ ರಾಶಿ ಕಂಡಿತು, ಆಮೇಲೆ ಅದೂ ಮಸುಕಾಯಿತು. ಒಂದು ಅಂಗಡಿಯ ಕಟ್ಟೆ ಮೇಲೆ ಕೂತೆನೋ ಬಿದ್ದೆನೋ ನೆನಪಿಲ್ಲ. ಕಣ್ಣು ಬಿಟ್ಟರೆ ಒಬ್ಬ ಹೆಂಗಸು "ಪಾ, ಪಾ" ಅನ್ನುತ್ತಾ ನನ್ನ ಮೂಗಿಗೆ ಏನೋ ತುರುಕುತ್ತಿದ್ದಾಳೆ. ಪಾ ಅಂದರೆ ದೊಡ್ಡಮ್ಮ ಅಂತ ಆಮೇಲೆ ತಿಳಿಯಿತು. ಅವಳಿಗೂ ನನ್ನಷ್ಟೇ ವಯಸ್ಸು, ಅದೊಂದು ಬೇಜಾರು.

ಅವಳು ತುರುಕಿದ್ದು ಇದು. ತಂದಿದ್ದೇನೆ, ನೋಡಿ. ಬೆರಳಿನಷ್ಟು ಉದ್ದ. ಯಾ ದೋಂ. ಯಾ ಅಂದರೆ ಔಷಧ, ದೋಂ ಅಂದರೆ ಮೂಸುವುದು. ಮೆಂಥಾಲ್, ಕರ್ಪೂರ. ಅಲ್ಲಿ ಮುದುಕರು, ಬ್ಯಾಂಕಿನವರು, ಕಾಲೇಜು ಹುಡುಗಿಯರು, ಎಲ್ಲರ ಕಿಸೆಯಲ್ಲೂ ಇರುತ್ತದೆ. ಕೆಲವರು ಮೂಗಿನಲ್ಲೇ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಾರೆ. ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ. ದೂರದಿಂದ ಮೂಸಿ, ಒಳಗೆ ಹಾಕಬೇಡಿ.

ಹಿಮದ ತುಂಡು ಸುತ್ತಿದ ಬಟ್ಟೆಯನ್ನು ಕುತ್ತಿಗೆಗೆ ಇಟ್ಟಳು. ಉಪ್ಪು ಸಕ್ಕರೆ ನೀರು ಕುಡಿಸಿದಳು. ಆಮೇಲೆ ಕೈ ಅಡ್ಡ ಆಡಿಸಿ, ಏಳಬೇಡ ಅಂತ ಹೇಳಿ, ತನ್ನ ಕೆಲಸಕ್ಕೆ ಕೂತಳು. ಹೂ ಕಟ್ಟುವ ಕೆಲಸ. ಅವರ ಹಾರಕ್ಕೆ ಮಾಲೈ ಅನ್ನುತ್ತಾರೆ, ನಮ್ಮ ಮಾಲೆ. ಮಲ್ಲಿಗೆ ಮೊಗ್ಗು ನಮ್ಮದೇ, ವಾಸನೆಯೂ ನಮ್ಮದೇ. ಆದರೆ ಅವಳು ಕಟ್ಟುತ್ತಿರಲಿಲ್ಲ, ಪೋಣಿಸುತ್ತಿದ್ದಳು. ಒಂದಡಿ ಉದ್ದದ ಸೂಜಿ. ಅದರ ಸುತ್ತ ಮೊಗ್ಗುಗಳನ್ನು ಚಕ್ರದ ಹಾಗೆ ಚುಚ್ಚಿ, ಸೂಜಿ ತುಂಬಿದ ಮೇಲೆ ಸರ್ರನೆ ದಾರಕ್ಕೆ ಇಳಿಸುವುದು. ಅರ್ಧ ಗಂಟೆ ನೋಡಿದೆ. ಕೈ ಸುಮ್ಮನಿರಲಿಲ್ಲ. ಒಂದು ತುಂಡು ದಾರ ತೆಗೆದುಕೊಂಡು, ಈ ಕಡೆ ಎರಡು ಮೊಗ್ಗು, ಆ ಕಡೆ ಎರಡು, ಸುತ್ತಿ, ಗಂಟು. ಸೂಜಿ ಇಲ್ಲದೆ. ಗೇಣುದ್ದ ಕಟ್ಟಿದೆ. ಅವಳು ಪಕ್ಕದ ಅಂಗಡಿಯವರನ್ನೆಲ್ಲ ಕರೆದಳು. ನನಗೂ ಉಬ್ಬು ಬಂತು, ಅದನ್ನು ಮುಡಿದುಕೊಂಡೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಲ್ಲಿ ಮಾಲೈ ದೇವರಿಗೆ, ಹಿರಿಯರಿಗೆ, ಟ್ಯಾಕ್ಸಿಯ ಕನ್ನಡಿಗೆ. ತಲೆಗಲ್ಲ. ದೇವರ ಹೂವನ್ನು ಜಡೆಗೆ ಸಿಕ್ಕಿಸಿಕೊಂಡ ದೊಡ್ಡಮ್ಮನಾದೆ ನಾನು.

ಎದ್ದಾಗ ನಾಲ್ಕು ಗಂಟೆ. ಮಧ್ಯಾಹ್ನ ಒಂದರಿಂದ ನಾಲ್ಕು! ಚೀಟಿಯಲ್ಲಿದ್ದ ಅರಮನೆಯನ್ನು ಓಡುತ್ತಾ ನೋಡಿದೆ, ಇವತ್ತು ಅದರ ಬಾಗಿಲು ಯಾವ ಬಣ್ಣ ಅಂದರೆ ಹೇಳಲಾರೆ. ಆ ಸೂಜಿಯ ತುದಿ ಈಗಲೂ ಕಣ್ಣ ಮುಂದಿದೆ.

ಎರಡನೇ ದಿನದಿಂದ ಊರಿನ ಬುದ್ಧಿ ವಾಪಸ್ ಬಂತು. ಬೆಳಗ್ಗೆ ಆರಕ್ಕೆ ಎದ್ದು ತಿರುಗುವುದು, ಹನ್ನೊಂದಕ್ಕೆ ಒಳಗೆ ಸೇರುವುದು, ನಾಲ್ಕರ ಮೇಲೆ ಹೊರಡುವುದು. ಹಾಸ್ಟೆಲಿನ ನನ್ನ ಕೋಣೆಯ ಹುಡುಗಿಯರಿಗೆ, ಇಪ್ಪತ್ತೆರಡು ಇಪ್ಪತ್ಮೂರು ವರ್ಷದವರು, ಹೇಳಿ ನೋಡಿದೆ. ಕೇಳಲಿಲ್ಲ. ಸಂಜೆ ನನ್ನ ಯಾ ದೋಂ ಕೇಳಿದರು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹತ್ತು ನಿಮಿಷ ಅಂತಿದೆ. ಐದು ಅಂತ ಓದಿಕೊಳ್ಳುತ್ತೇನೆ.

ಊಟ. ಸಸ್ಯಾಹಾರ ಸಿಗುವುದಿಲ್ಲ ಅಂತ ಹೆದರಿಸುತ್ತಾರೆ. ಥಾಯ್ ಭಾಷೆಯಲ್ಲಿ ಸಸ್ಯಾಹಾರಕ್ಕೆ ಮಂಗ್‌ಸವಿರತ್ ಅನ್ನುತ್ತಾರೆ. ಬಿಡಿಸಿ ನೋಡಿ, ಮಾಂಸವಿರತಿ! ಬ್ಯಾಂಕಿಗೆ ಥನಾಖಾನ್, ಧನಾಗಾರ. ಫೋನಿಗೆ ಥೋರಸಪ್, ದೂರಶಬ್ದ. ರೈಲಿನಲ್ಲಿ ಪ್ರತಿ ಸಲ ಸಥಾನಿ ಸಥಾನಿ ಅಂತ ಕೂಗುತ್ತಿದ್ದರೆ ನನಗೆ ತರಗತಿಯಲ್ಲಿ ಕೂತ ಹಾಗಿತ್ತು. ಆದರೆ ಮೀನಿನ ಸಾರ ಎಲ್ಲದರಲ್ಲೂ ಹಾಕುತ್ತಾರೆ, ಅದು ಅವರಿಗೆ ಮಾಂಸ ಅಲ್ಲ, ಉಪ್ಪು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ 'ಜೇ' ಅಂತ ಬರೆದ ಅಂಗಡಿಯಲ್ಲಿ ಕಣ್ಣು ಮುಚ್ಚಿ ತಿನ್ನಬಹುದು. ಅಲ್ಲಿ ಬೆಳ್ಳುಳ್ಳಿ ಕೂಡ ಇಲ್ಲ.

ನೀರು. ಓಣಿ ಓಣಿಗೆ ನಾಣ್ಯ ಹಾಕುವ ಯಂತ್ರ ಇದೆ, ನಮ್ಮ ಶುದ್ಧ ನೀರಿನ ಘಟಕದ ಹಾಗೆ. ಬಾಟಲಿ ಒಯ್ಯಿರಿ.

ದೋಣಿ. ಸೇನ್ ಸೇಪ್ ಕಾಲುವೆಯ ದೋಣಿಯನ್ನು ಹತ್ತಲೇಬೇಕು. ಕಂಡಕ್ಟರ್ ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಾ ಟಿಕೆಟ್ ಕೊಡುತ್ತಾನೆ. ಎದುರು ದೋಣಿ ಬಂದರೆ ಪಕ್ಕದಲ್ಲಿ ಕೂತವರು ಹಗ್ಗ ಎಳೆದು ತಾಡಪಾಲು ಏರಿಸಬೇಕು, ಇಲ್ಲದಿದ್ದರೆ ಕಾಲುವೆ ನೀರು ಎಲ್ಲರ ಮುಖಕ್ಕೆ. ನಾನು ಹಗ್ಗದ ಪಕ್ಕ ಕೂತಿದ್ದೆ. ನನಗೆ ಗೊತ್ತಿರಲಿಲ್ಲ. ಇಷ್ಟು ಸಾಕು.

ಮೂರನೇ ದಿನ ಸಂಜೆ ಲುಂಪಿನಿ ಪಾರ್ಕು. ಬುದ್ಧ ಹುಟ್ಟಿದ ಲುಂಬಿನಿಯದೇ ಹೆಸರು. ಕೆರೆ ದಂಡೆಯಲ್ಲಿ ಮೊಸಳೆಯಂಥ ಉಡಗಳು ಓಡಾಡುತ್ತವೆ, ಯಾರೂ ಹೆದರುವುದಿಲ್ಲ. ನೂರಾರು ಜನ ಓಡುತ್ತಿದ್ದರು. ಸರಿಯಾಗಿ ಆರಕ್ಕೆ ಎಲ್ಲರೂ ನಿಂತಲ್ಲೇ ನಿಂತುಬಿಟ್ಟರು. ಕಾಲೆತ್ತಿದವರು ಕಾಲಿಳಿಸಿ ನಿಂತರು. ನಾನೊಬ್ಬಳೇ ಕೈ ಬೀಸಿಕೊಂಡು ಹೋಗುತ್ತಿದ್ದೆ, ಹತ್ತು ಹೆಜ್ಜೆ ಆದ ಮೇಲೆ ಹೊಳೆಯಿತು. ಅವರ ರಾಷ್ಟ್ರಗೀತೆ, ದಿನಾ ಬೆಳಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ. ಗೀತೆ ಮುಗಿದದ್ದೇ ಮತ್ತೆ ಓಟ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೂ ತಿಳಿಯುತ್ತಿರಲಿಲ್ಲ.

ಹಣದ ಲೆಕ್ಕ, ಬಟ್ಟೆ, ಔಷಧ, ಇವು ಉಳಿದವು. ಬೇಕಾದವರು ಹೊರಗೆ ಚಹಾ ಕುಡಿಯುವಾಗ ಕೇಳಿ. "ಹೆದರಿಕೆ ಆಗಲಿಲ್ವಾ?" ಅಂತ ಮಾತ್ರ ಕೇಳಬೇಡಿ.

ಆ ಯಾ ದೋಂ ಎಲ್ಲಿಗೆ ಬಂತು? ಕೊನೇ ಸಾಲಾ? ಏ ತಮ್ಮಾ, ಮೂಗಿನಿಂದ ತೆಗಿ. ವಾಸನೆ ಹೋಗಿದ್ದರೂ ಪರವಾಗಿಲ್ಲ, ಡಬ್ಬಿ ವಾಪಸ್ ಕೊಡಿ. ನನ್ನದಲ್ಲ ಅದು, ಅವಳದ್ದು.