ರಕ್ತವಾಂತಿಗೆ ರಬ್ಬರ್ ಬ್ಯಾಂಡ್

ಕೇಳುಗರೇ, ನಮಸ್ಕಾರ.

ಅಫಜಲಪುರ, ಚಿಂಚೋಳಿ ಕಡೆಯಿಂದ ರಕ್ತ ಕಾರುತ್ತಾ ಕಲಬುರಗಿಗೆ ಬರುವವರಲ್ಲಿ ಅನೇಕರ ತೊಂದರೆ ಶುರುವಾಗಿರುವುದು ಲಿವರಿನಲ್ಲಿ. ಹೊಟ್ಟೆ, ಕರುಳಿನ ರಕ್ತ ಲಿವರ್ ದಾಟಿಯೇ ಹೃದಯಕ್ಕೆ ಹೋಗಬೇಕು. ಕುಡಿತ, ಹೆಪಟೈಟಿಸ್ ಬಿ, ಸಿ, ಇಲ್ಲವೇ ಕೊಬ್ಬಿನಿಂದ ಲಿವರ್ ಗಟ್ಟಿಯಾದರೆ ರಕ್ತ ಅಡ್ಡದಾರಿ ಹಿಡಿಯುತ್ತದೆ. ಅನ್ನನಾಳದ ಕೆಳತುದಿಯ ರಕ್ತನಾಳಗಳು ಉಬ್ಬುತ್ತವೆ, ಒಡೆದರೆ ರಕ್ತವಾಂತಿ. ಇವೇ ವೇರಿಸಿಸ್. ಲಿವರಿಗೆ ಹೋಗುವ ನಾಳವೇ ಮುಚ್ಚಿಹೋಗಿ ಮಕ್ಕಳಿಗೂ ಹೀಗಾಗುತ್ತದೆ. ರಕ್ತ ಕಾರಿದವರನ್ನೆಲ್ಲ ಕುಡುಕರು ಅನ್ನಬೇಡಿ.

ಆಸ್ಪತ್ರೆಗೆ ಬಂದೊಡನೆ ಆ್ಯಂಟಿಬಯಾಟಿಕ್, ಜೊತೆಗೆ ಈ ನಾಳಗಳ ಒತ್ತಡ ಇಳಿಸುವ ಟೆರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೊಟೈಡ್ ಔಷಧಿ ಶುರು. ಹಿಮೋಗ್ಲೋಬಿನ್ 7-8ಕ್ಕೆ ಏರಿದರೆ ರಕ್ತ ಕೊಡುವುದನ್ನು ನಿಲ್ಲಿಸುತ್ತೇವೆ. "ಇನ್ನೊಂದು ಬಾಟ್ಲಿ ಹಚ್ರಿ ಸಾಹೇಬ್ರ" ಅಂತ ಮನೆಯವರ ಒತ್ತಾಯ. ಜಾಸ್ತಿ ಕೊಟ್ಟರೆ ಒತ್ತಡ ಏರಿ ನಾಳ ಮತ್ತೆ ಒಡೆಯುತ್ತದೆ, ಅದಕ್ಕೇ ಒಪ್ಪುವುದಿಲ್ಲ. ರೋಗಿ ಸುಧಾರಿಸಿಕೊಂಡರೆ 12 ಗಂಟೆಯೊಳಗೆ ಎಂಡೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ (ಸ್ಕೋಪ್) ಬಾಯಿಯಿಂದ ಇಳಿಸಿ ನೋಡುವುದು.

ಸ್ಕೋಪಿನ ತುದಿಗೆ ಪ್ಲಾಸ್ಟಿಕ್ ಟೊಪ್ಪಿಗೆ. ಅದರ ಮೇಲೆ ಪುಟ್ಟ ರಬ್ಬರ್ ಬ್ಯಾಂಡುಗಳ ಸಾಲು. ಉಬ್ಬಿದ ನಾಳಕ್ಕೆ ತುದಿ ಒತ್ತಿ ಸಕ್ಷನ್ ಕೊಟ್ಟರೆ ಅದು ಟೊಪ್ಪಿಗೆಯೊಳಗೆ ಬರುತ್ತದೆ. ಪರದೆಯೆಲ್ಲ ಕೆಂಪು. ಆಗ ಹಿಡಿಯ ಚಕ್ರ ತಿರುಗಿಸಿದರೆ ಬ್ಯಾಂಡ್ ಜಾರಿ ನಾಳದ ಬುಡ ಬಿಗಿಯುತ್ತದೆ. 1980ರ ದಶಕದ ಕೊನೆಗೆ ಅಮೆರಿಕದ ಸರ್ಜನ್ ಗ್ರೆಗ್ ಸ್ಟೀಗ್ಮನ್ ತಂದ ವಿಧಾನ ಇದು. ಅದಕ್ಕೂ ಮುಂಚೆ ನಾಳಕ್ಕೆ ಔಷಧಿ ಚುಚ್ಚುತ್ತಿದ್ದರು. ಅದರಿಂದ ಅನ್ನನಾಳ ಕಿರಿದಾಗುವುದು ಜಾಸ್ತಿ.

ಜಠರದ ಮೇಲ್ಭಾಗದ ದಪ್ಪ ನಾಳಗಳಿಗೆ ಬ್ಯಾಂಡ್ ಸಾಲದು. ಅಲ್ಲಿಗೆ ಸಯನೋಆಕ್ರಿಲೇಟ್ ಅಂಟು. ಫೆವಿಕ್ವಿಕ್ ಜಾತಿಯದೇ, ರಕ್ತ ತಾಗಿದೊಡನೆ ಗಟ್ಟಿ. ಸ್ಕೋಪಿಗೇ ಅಂಟಿಕೊಂಡರೆ ಕೆಲಸ ಕೆಟ್ಟಿತು. ಆ ಹೊತ್ತಿನಲ್ಲಿ ಅಂಟು ತುಂಬುವ ಸಿಸ್ಟರ್ ಜೊತೆ ಯಾರೂ ಮಾತಾಡುವುದಿಲ್ಲ.

ಬ್ಯಾಂಡ್ ಕೆಲವು ದಿನಗಳಲ್ಲಿ ತಾನೇ ಉದುರುತ್ತದೆ. ಅಲ್ಲೊಂದು ಹುಣ್ಣು ಉಳಿಯುತ್ತದೆ. ಅದು ಮಾಯುವವರೆಗೆ ಗಂಜಿ, ಮೊಸರನ್ನವೇ ಊಟ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬೇಡ. "ರೊಟ್ಟಿ ಇಲ್ದ ಹೊಟ್ಟಿ ತುಂಬಂಗಿಲ್ರಿ" ಅನ್ನುವವರು ಮೆತ್ತನೆಯ ಬಿಸಿರೊಟ್ಟಿ ಆರಿಸಿ, ಹಾಲಿನಲ್ಲಿ ಚೆನ್ನಾಗಿ ಕಿವುಚಿಕೊಳ್ಳಿ.

ನನ್ನ ತಕರಾರು ಇರುವುದು ಇದರ ನಂತರದ್ದರ ಬಗ್ಗೆ. ರಕ್ತ ನಿಂತರೆ ರೋಗ ಹೋಯಿತು ಅಂದುಕೊಂಡು ಅನೇಕರು ಮತ್ತೆ ಬರುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬಂದು, ನಾಳಗಳೆಲ್ಲ ಮಾಯವಾಗುವವರೆಗೆ ಬ್ಯಾಂಡ್ ಹಾಕಿಸಿಕೊಳ್ಳಬೇಕು. ತೊಗರಿ ರಾಶಿ ಮುಗಿಯಲಿ ಅಂತ ಮುಂದೂಡುತ್ತಾರೆ. ನಾಳದ ಒತ್ತಡ ಇಳಿಸುವ ಕಾರ್ವೆಡಿಲಾಲ್ ಮಾತ್ರೆ ಬಿಡುತ್ತಾರೆ, ಮೈಕೈ ನೋವಿಗೆ ಅಂಗಡಿಯ ಗುಳಿಗೆ ನುಂಗುತ್ತಾರೆ. ಇವೆರಡೂ ಅಪಾಯ. ಕುಡಿತದ ಮಾತಂತೂ ಹೇಳಲೇಬೇಕಿಲ್ಲ, ಅಲ್ವಾ?

ಚೀಟಿಯಲ್ಲಿ ಬರೆದ ತಾರೀಖಿಗೆ, ಖಾಲಿ ಹೊಟ್ಟೆಯಲ್ಲಿ ಬನ್ನಿ. ಹಳೇ ರಿಪೋರ್ಟು ಜೊತೆಗಿರಲಿ. ನಮಸ್ಕಾರ.