ಓಡಿ ಸಾಲ ಸದ್ದಿಲ್ಲದೆ ಸಿಬಿಲ್ ಕೆಡಿಸುವುದು ಹೇಗೆ? ಒಂದು ಪಾಸ್‌ಬುಕ್, ಒಂದು ಅಂಗಡಿ, ಪೂರ್ತಿ ಲೆಕ್ಕ

[ಮೇಜಿನ ಮೇಲೆ ಹಳೇ ಪಾಸ್‌ಬುಕ್. ಕ್ಯಾಮೆರಾ ಹತ್ತಿರಕ್ಕೆ.]

ನಮಸ್ಕಾರ. ಮೊದಲು ಈ ಪಾಸ್‌ಬುಕ್ ನೋಡಿ. ನಾನು ಮೈಸೂರಿನಲ್ಲಿ ಕೆಲಸಕ್ಕಿದ್ದಾಗಿನ ಸಂಬಳದ ಖಾತೆ ಇದು. ಈ ಖಾತೆಯ ಮೇಲೆ ಬ್ಯಾಂಕಿನವರು 60,000 ರೂಪಾಯಿ ಓಡಿ ಕೊಟ್ಟಿದ್ದರು. ಓಡಿ ಅಂದರೆ ಓವರ್‌ಡ್ರಾಫ್ಟ್. ಖಾತೆಯಲ್ಲಿ ದುಡ್ಡು ಖಾಲಿಯಾದ ಮೇಲೂ ಇಂತಿಷ್ಟು ಅಂತ ಒಂದು ಮಿತಿಯವರೆಗೆ ತೆಗೆಯಬಹುದು. ತಂಗಿ ಮದುವೆಗೆ ಅಂತ ನಾನು ಅಷ್ಟನ್ನೂ ತೆಗೆದೆ.

ಕೆಲಸ ಬಿಟ್ಟು ಮಂಡ್ಯಕ್ಕೆ ಬರುವ ಮುಂಚೆ ಸಾಲ ಚುಕ್ತಾ ಮಾಡಬೇಕು ಅಂತ ತಿಂಗಳ 22ನೇ ತಾರೀಕು ಬೆಳಿಗ್ಗೆ ಬ್ಯಾಂಕಿಗೆ ಹೋಗಿ 60,000 ಕಟ್ಟಿದೆ. ಚಲನ್‌ಗೆ ಸೀಲು ಬಿತ್ತು. "ಎಲ್ಲಾ ಕ್ಲಿಯರ್ ಆಯ್ತಲ್ವಾ ಸರ್?" ಅಂದೆ. "ಆಯ್ತು, ಹೋಗಿ ಬನ್ನಿ" ಅಂದರು.

ಆಗಿರಲಿಲ್ಲ.

ಓಡಿಗೆ ಬಡ್ಡಿ ಹಾಕುವುದು ದಿನದ ಲೆಕ್ಕದಲ್ಲಿ. 60,000ಕ್ಕೆ ವರ್ಷಕ್ಕೆ ಶೇ. 14 ಅಂದರೆ ದಿನಕ್ಕೆ 23 ರೂಪಾಯಿ. ಆ ತಿಂಗಳ ಮೊದಲ 21 ದಿನಕ್ಕೆ 483 ರೂಪಾಯಿ. ಆದರೆ ಅದನ್ನು ಖಾತೆಗೆ ಹಾಕುವುದು ತಿಂಗಳ ಕೊನೆಗೆ. ನಾನು ಕಟ್ಟಿದ ದಿನ ಪಾಸ್‌ಬುಕ್‌ನಲ್ಲಿ ಸೊನ್ನೆ ಇತ್ತು. ತಿಂಗಳ ಕೊನೆಗೆ ಮೈನಸ್ 483 ಆಯಿತು. ಅಷ್ಟು ಹೊತ್ತಿಗೆ ನನ್ನ ಸಂಬಳ ಅಲ್ಲಿಗೆ ಬರುವುದು ನಿಂತಿತ್ತು, ಫೋನ್ ನಂಬರ್ ಕೂಡ ಬದಲಾಗಿತ್ತು.

ಎರಡು ವರ್ಷ ಬಿಟ್ಟು ಸ್ಕೂಟರ್ ಸಾಲಕ್ಕೆ ಅರ್ಜಿ ಹಾಕಿದೆ. ಶೋರೂಮಿನ ಹುಡುಗ ಟ್ಯಾಬ್ ನೋಡಿ, ದನಿ ತಗ್ಗಿಸಿ, "ಸರ್, ನಿಮ್ಮ ಸಿಬಿಲ್‌ನಲ್ಲಿ ಏನೋ ಪ್ರಾಬ್ಲಂ ಇದೆ" ಅಂದ. ಸಿಬಿಲ್ ಅಂದರೆ ನಾವು ಸಾಲ ಹೇಗೆ ಕಟ್ಟಿದ್ದೇವೆ ಅನ್ನುವ ದಾಖಲೆ. ಪಕ್ಕದಲ್ಲಿ ಅಪ್ಪ ನಿಂತಿದ್ದರು. ಯಾರಿಗೂ ಒಂದು ರೂಪಾಯಿ ಬಾಕಿ ಇಟ್ಟುಕೊಳ್ಳದೆ ಬಾಳಿದ ಮನುಷ್ಯ. ಅವರ ಮುಖ ನೋಡುವುದು ನನಗೆ ಕಷ್ಟವಾಯಿತು. ಈ ವಿಡಿಯೋ ಮಾಡುತ್ತಿರುವುದು ಅದಕ್ಕೇ.

[ಹಿನ್ನೆಲೆ: ಮಂಡ್ಯದ ಪೇಟೆ ಬೀದಿ, ಬೆಳಗಿನ ಹೊತ್ತು]

ಸಾಲ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಕಂತು. ಐದನೇ ತಾರೀಕು ಇಷ್ಟು ಕಟ್ಟಬೇಕು, ತಪ್ಪಿದರೆ ಫೋನ್ ಬರುತ್ತದೆ. ಓಡಿಗೆ ಆ ತರಹದ ಕಂತಿಲ್ಲ. ಕಟ್ಟು ಅಂತ ಯಾರೂ ನೆನಪಿಸುವುದಿಲ್ಲ. ಮಿತಿ ಐದು ಲಕ್ಷ ಅಂತ ಇದ್ದರೆ, ಆ ಐದು ಲಕ್ಷ ನಮ್ಮದೇ ದುಡ್ಡು ಅನ್ನಿಸಿಬಿಡುತ್ತದೆ. ಪೂರ್ತಿ ತೆಗೆದು ಅಂಚಿನಲ್ಲಿ ಕೂತಿರುತ್ತೇವೆ. ತಿಂಗಳ ಕೊನೆಗೆ ಬಡ್ಡಿ ಬಿದ್ದಾಗ ಆ ಬಡ್ಡಿಯೇ ನಮ್ಮನ್ನು ಮಿತಿಯ ಆಚೆಗೆ ತಳ್ಳುತ್ತದೆ. ನಾವು ಹೊಸದಾಗಿ ಒಂದು ಪೈಸೆ ತೆಗೆದಿರುವುದಿಲ್ಲ. ಆದರೂ ಖಾತೆ ಕೆಡುವ ಹಾದಿ ಹಿಡಿದಿರುತ್ತದೆ.

ನಮ್ಮ ಚಿಕ್ಕಪ್ಪನದು ಪೇಟೆ ಬೀದಿಯಲ್ಲಿ ದಿನಸಿ ಅಂಗಡಿ. ಅವರಿಗೂ ಐದು ಲಕ್ಷದ ಓಡಿ ಇದೆ, ಶೇ. 12 ಬಡ್ಡಿ. ಹಬ್ಬದ ಸರಕಿಗೆ ಅಂತ 4,98,000 ತೆಗೆದಿದ್ದರು. 30 ದಿನದ ಬಡ್ಡಿ 4,912 ರೂಪಾಯಿ. ತಿಂಗಳ ಕೊನೆಗೆ ಬಾಕಿ 5,02,912. ಅಂದರೆ ಮಿತಿಗಿಂತ 2,912 ಜಾಸ್ತಿ. ಚಿಕ್ಕಪ್ಪ ತಿಂಗಳಿಗೆ 4,000 ತಪ್ಪದೆ ಕಟ್ಟುತ್ತಿದ್ದರು. ಹಾಗಿದ್ದೂ ಬ್ಯಾಂಕಿನಿಂದ ನೋಟಿಸು ಬಂತು. ಅದನ್ನು ಹಿಡಿದು ನಮ್ಮ ಮನೆಗೆ ಬಂದವರು, "ತಿಂಗ್ಳು ತಿಂಗ್ಳೂ ಕಟ್ತಾ ಇದೀನಲ್ಲಪ್ಪ, ಮತ್ಯಾಕಂತೆ ಇದು?" ಅಂತ ಕೇಳಿದರು.

[ಪರದೆ ಮೇಲೆ: ಮೂರು ತಿಂಗಳ ಬಡ್ಡಿ ಸುಮಾರು 14,800 / ಕಟ್ಟಿದ್ದು 12,000]

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಓಡಿ ಖಾತೆ ಕೆಟ್ಟಿದೆ ಅಂತ ತೀರ್ಮಾನಿಸುವುದು 90 ದಿನದ ಲೆಕ್ಕದಲ್ಲಿ. ಬಾಕಿ 90 ದಿನ ಒಂದೇ ಸಮ ಮಿತಿಗಿಂತ ಮೇಲಿದ್ದರೆ ಕೆಟ್ಟಿತು. 90 ದಿನ ಖಾತೆಗೆ ಒಂದು ಜಮಾ ಕೂಡ ಬರದಿದ್ದರೂ ಕೆಟ್ಟಿತು. ಯಾರೂ ಗಮನಿಸದ ಮೂರನೆಯದು ಒಂದಿದೆ. ಹಿಂದಿನ 90 ದಿನದಲ್ಲಿ ಹಾಕಿದ ಬಡ್ಡಿಯಷ್ಟಾದರೂ ಜಮಾ ಆಗಿರಬೇಕು. ಆಗದಿದ್ದರೆ ಬಾಕಿ ಮಿತಿಯ ಒಳಗಿದ್ದರೂ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಹೋಗುತ್ತದೆ. ಚಿಕ್ಕಪ್ಪ ಸಿಕ್ಕಿಬಿದ್ದಿದ್ದು ಇದರಲ್ಲೇ. ಕಟ್ಟಿದ್ದು 12,000, ಬಡ್ಡಿ 14,800. ಬರೀ 2,800 ರೂಪಾಯಿ ಕಡಿಮೆ.

ಹಾಗಾದರೆ ದಿನಾ ಅಂಗಡಿಯಲ್ಲಿ ಆಗುವ ವ್ಯಾಪಾರದ ದುಡ್ಡು ಎಲ್ಲಿಗೆ ಹೋಗುತ್ತಿತ್ತು? ಅಂಗಡಿಗೆ ಹೋಗಿ ನೋಡಿದೆ. ಗಲ್ಲಾ ಪೆಟ್ಟಿಗೆ ಪಕ್ಕ ಕ್ಯೂಆರ್ ಕೋಡ್ ಅಂಟಿಸಿದೆ. ಕಾಸು ಬಂದಾಗಲೆಲ್ಲ ಕೂಗುವ ಸ್ಪೀಕರ್ ಡಬ್ಬಿ ಬೇರೆ. ಆ ಕೋಡ್ ಹಾಕಿಸಿದ್ದು ಚಿಕ್ಕಪ್ಪನ ಮಗ, ತನ್ನ ಬೇರೆ ಬ್ಯಾಂಕಿನ ಉಳಿತಾಯ ಖಾತೆಗೆ. ಅಕ್ಕಿ, ಬೇಳೆ, ಎಣ್ಣೆ ಮಾರಿದ ದುಡ್ಡೆಲ್ಲ ಅಲ್ಲಿಗೆ ಹೋಗುತ್ತಿತ್ತು. ಓಡಿ ಖಾತೆಗೆ ತಿಂಗಳಿಗೊಂದು 4,000 ಬಿಟ್ಟರೆ ಏನೂ ಇಲ್ಲ. ನಮ್ಮ ಕಡೆ ಇಂಥ ಅಂಗಡಿಗಳು ಎಷ್ಟೋ ಇವೆ ಅಂತ ನನ್ನ ಅಂದಾಜು. ದಯವಿಟ್ಟು ಇವತ್ತೇ ನಿಮ್ಮ ಕೋಡ್ ಯಾವ ಖಾತೆಗಿದೆ ಅಂತ ನೋಡಿಕೊಳ್ಳಿ.

ಆ ವ್ಯಾಪಾರದ ದುಡ್ಡು ಓಡಿ ಖಾತೆಗೆ ಬಿದ್ದರೆ ಇನ್ನೊಂದು ಲಾಭವೂ ಇದೆ. ಬಡ್ಡಿ ದಿನದ ಬಾಕಿಯ ಮೇಲೆ ತಾನೇ? 10,000 ರೂಪಾಯಿ ಒಂದು ದಿನ ಅಲ್ಲಿ ಕೂತರೆ 3 ರೂಪಾಯಿ 29 ಪೈಸೆ ಬಡ್ಡಿ ಉಳಿಯುತ್ತದೆ. ನಾಳೆ ಸರಕಿಗೆ ಬೇಕಾದಾಗ ಮತ್ತೆ ತೆಗೆಯಬಹುದು. ಓಡಿ ಇರುವುದೇ ಹೀಗೆ ಹಾಕಿ ತೆಗೆಯುವುದಕ್ಕೆ. ಪೂರ್ತಿ ತೆಗೆದು ಸುಮ್ನೆ ಇಟ್ಟುಬಿಡುವ ಸಾಲ ಅಲ್ಲ ಅದು.

ಇನ್ನೊಂದು ವಿಷಯ. ಓಡಿ ಮಿತಿಯನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನವೀಕರಿಸಬೇಕು. ಗಡುವು ಮುಗಿದು 180 ದಿನದೊಳಗೆ ನವೀಕರಣ ಆಗದಿದ್ದರೆ, ಬಡ್ಡಿ ಸರಿಯಾಗಿ ಕಟ್ಟಿದ್ದರೂ ಖಾತೆ ಎನ್‌ಪಿಎ ಆಗುತ್ತದೆ. ಬ್ಯಾಂಕಿನವರು ಜಿಎಸ್‌ಟಿ ಕಾಗದ, ಐಟಿ ರಿಟರ್ನ್ ಕೇಳಿದರೆ "ಆಮೇಲೆ ಕೊಡೋಣ" ಅನ್ನಬೇಡಿ.

[ಪರದೆ ಮೇಲೆ: ಸಿಬಿಲ್ ವರದಿಯ ತಿಂಗಳವಾರು ಚೌಕಗಳು]

ಈಗ ಸಿಬಿಲ್ ವಿಷಯಕ್ಕೆ ಬರೋಣ. ನಾವು ಎಲ್ಲದಕ್ಕೂ ಸಿಬಿಲ್ ಅನ್ನುತ್ತೇವೆ, ಆದರೆ ಸಾಲದ ದಾಖಲೆ ಇಡುವ ಇಂಥ ಕಂಪನಿ ನಾಲ್ಕಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಸಾಲ ಕೊಟ್ಟವರು ನಮ್ಮ ಲೆಕ್ಕವನ್ನು ಇವರಿಗೆ ಕಳಿಸುತ್ತಾರೆ. ಮೊದಲು ತಿಂಗಳಿಗೊಮ್ಮೆ ಕಳಿಸುತ್ತಿದ್ದರು, 2025ರ ಜನವರಿಯಲ್ಲಿ ಅದು 15 ದಿನಕ್ಕೊಮ್ಮೆ ಆಯಿತು. ಸಿಬಿಲ್ ಸ್ಕೋರು 300ರಿಂದ 900ರವರೆಗೆ ಇರುತ್ತದೆ. ಎಲ್ಲರೂ ಆ ಒಂದು ನಂಬರ್ ನೋಡಿ ಸುಮ್ಮನಾಗುತ್ತಾರೆ. ನೀವು ಅದರ ಕೆಳಗಿನ ಚೌಕಗಳನ್ನು ನೋಡಿ. ಪ್ರತಿ ಖಾತೆಗೂ 36 ತಿಂಗಳವರೆಗಿನ ಇತಿಹಾಸ ಇರುತ್ತದೆ. ಸರಿಯಾಗಿದ್ದ ತಿಂಗಳಿಗೆ 000 ಅಥವಾ ಎಸ್‌ಟಿಡಿ. ಎಸ್‌ಎಂಎ ಅಂತ ಇದ್ದರೆ ಖಾತೆ ಕೆಡುವ ಹಾದಿಯಲ್ಲಿದೆ ಅಂತ ಅರ್ಥ. ಓಡಿ ಬಾಕಿ ಮಿತಿ ಮೀರಿ 30 ದಿನ ದಾಟಿದರೆ ಎಸ್‌ಎಂಎ-1, 60 ದಾಟಿದರೆ ಎಸ್‌ಎಂಎ-2. ಎಸ್‌ಯುಬಿ ಅಂತ ಇದ್ದರೆ ಆಗಲೇ ಎನ್‌ಪಿಎ ಆಗಿದೆ. ನನ್ನ ವರದಿಯಲ್ಲಿ ಆ ಮೂರು ಅಕ್ಷರ ಸಾಲಾಗಿ ಕೂತಿದ್ದವು, 483 ರೂಪಾಯಿಗೆ.

ಇದು ಒಂದೇ ಖಾತೆಗೆ ನಿಲ್ಲುವುದಿಲ್ಲ. ಬ್ಯಾಂಕು ಎನ್‌ಪಿಎ ಅನ್ನುವುದು ಸಾಲಗಾರನನ್ನು, ಬರೀ ಆ ಖಾತೆಯನ್ನಲ್ಲ. ಅದೇ ಬ್ಯಾಂಕಿನಲ್ಲಿ ನಿಮ್ಮ ಮನೆ ಸಾಲ ಇದ್ದರೆ, ಅದರ ಕಂತು ಒಂದೂ ತಪ್ಪದಿದ್ದರೂ, ಅದೂ ಪಟ್ಟಿಗೆ ಸೇರುತ್ತದೆ. ಜಾಮೀನು ಹಾಕಿದವರ ವರದಿಯಲ್ಲೂ ಈ ಸಾಲ ಕಾಣುತ್ತದೆ. ಭಾವನೋ ಸ್ನೇಹಿತನೋ ನಂಬಿ ಸಹಿ ಹಾಕಿರುತ್ತಾರೆ, ಅವರ ಮಗಳ ಓದಿನ ಸಾಲಕ್ಕೆ ತೊಂದರೆ ಆಗಬಹುದು. ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ತರುವುದು ಇದೇ.

ಸರಿ, ಈಗಾಗಲೇ ಅಂಚಿನಲ್ಲಿದ್ದರೆ ಏನು ಮಾಡುವುದು? ಮೊದಲು ಆ ಖಾತೆಯಿಂದ ತೆಗೆಯುವುದು ನಿಲ್ಲಿಸಿ. 60 ದಿನ ಆಗುವ ಮುಂಚೆ ಮ್ಯಾನೇಜರ್ ಹತ್ತಿರ ಹೋಗಿ ಕೂತು ಮಾತಾಡಿ. ಮರ್ಯಾದೆ ಹೋಗುತ್ತದೆ ಅಂತ ಬ್ಯಾಂಕಿನ ಬಾಗಿಲು ತುಳಿಯದವರನ್ನು ನಾನು ನೋಡಿದ್ದೇನೆ. ಹೋಗದೇ ಇದ್ದಾಗಲೇ ಕಷ್ಟ ಜಾಸ್ತಿ. ಪೂರ್ತಿ ಬಾಕಿಯನ್ನು ಕಂತಿನ ಸಾಲವಾಗಿ ಬದಲಾಯಿಸಿ ಕೊಡಿ, ಅಥವಾ ತಿಂಗಳು ತಿಂಗಳೂ ಮಿತಿ ಇಳಿಸುತ್ತಾ ಬನ್ನಿ ಅಂತ ಕೇಳಬಹುದು. ಕೊಡಲೇಬೇಕು ಅಂತಿಲ್ಲ, ಆದರೆ ಕೇಳುವವರಿಗೆ ದಾರಿ ಸಿಗುತ್ತದೆ. ಕೇಳುವುದನ್ನು ಕಾಗದದಲ್ಲಿ ಬರೆದುಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ. ದಂಡದ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವ ಹಾಗೂ ಇಲ್ಲ, ರಿಸರ್ವ್ ಬ್ಯಾಂಕು 2023ರಲ್ಲೇ ಹೇಳಿದೆ.

ಖಾತೆ ಎನ್‌ಪಿಎ ಆಗಿಬಿಟ್ಟರೆ ಸ್ವಲ್ಪ ಕಟ್ಟಿ ಮೇಲೆ ಬರಲು ಆಗುವುದಿಲ್ಲ. ಬಾಕಿ ಬಿದ್ದ ಅಸಲು, ಬಡ್ಡಿ ಎರಡೂ ಪೂರ್ತಿ ತೀರಬೇಕು. ಆಗ ಬ್ಯಾಂಕಿನವರು "ಒಂದೇ ಸಲ ಇಷ್ಟು ಕಟ್ಟಿ, ಉಳಿದದ್ದು ಬಿಡುತ್ತೇವೆ" ಅನ್ನಬಹುದು. ಕೈಯಲ್ಲಿ ನಿಜವಾಗಲೂ ದುಡ್ಡಿಲ್ಲ ಅಂದರೆ ಒಪ್ಪಿಕೊಳ್ಳಿ, ತಪ್ಪಲ್ಲ. ಆದರೆ ವರದಿಯಲ್ಲಿ ಕ್ಲೋಸ್ಡ್ ಬದಲು ಸೆಟಲ್ಡ್ ಅಂತ ಬರುತ್ತದೆ. ಮುಂದೆ ಸಾಲ ಕೊಡುವವನು ಅದನ್ನು "ಪೂರ್ತಿ ಕಟ್ಟಿಲ್ಲ" ಅಂತಲೇ ಓದುತ್ತಾನೆ. ಆರು ತಿಂಗಳು ಕಷ್ಟಪಟ್ಟರೆ ಪೂರ್ತಿ ಕಟ್ಟಬಹುದು ಅನ್ನುವ ಹಾಗಿದ್ದರೆ ಪೂರ್ತಿಯೇ ಕಟ್ಟಿ ಅಂತ ನಾನು ಹೇಳುತ್ತೇನೆ.

ಮುಚ್ಚುವಾಗ ನಾನು ಮಾಡಿದ ತಪ್ಪು ನೀವು ಮಾಡಬೇಡಿ. "ಬಾಕಿ ಎಷ್ಟು?" ಅಂತ ಕೇಳಬೇಡಿ. "ಇವತ್ತಿನವರೆಗಿನ ಬಡ್ಡಿ, ಚಾರ್ಜು ಎಲ್ಲಾ ಸೇರಿ ಖಾತೆ ಮುಚ್ಚಲು ಎಷ್ಟು?" ಅಂತ ಕೇಳಿ. ಓಡಿ ಮುಚ್ಚುವ ಅರ್ಜಿ ಬೇರೆಯಾಗಿ ಕೊಡಿ, ಬರೀ ದುಡ್ಡು ಕಟ್ಟಿದರೆ ಮಿತಿ ಹಾಗೇ ಇರುತ್ತದೆ. ನೋ ಡ್ಯೂ ಪತ್ರ, ಅಂದರೆ ಬಾಕಿ ಏನೂ ಇಲ್ಲ ಅನ್ನುವ ಪತ್ರ, ಕೈಗೆ ಬರುವವರೆಗೂ ಬಿಡಬೇಡಿ. ಮನೆ ಪತ್ರ ಅಡ ಇಟ್ಟಿದ್ದರೆ ಪೂರ್ತಿ ಕಟ್ಟಿದ 30 ದಿನದೊಳಗೆ ವಾಪಸ್ ಕೊಡಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಅವರು ನಿಮಗೆ ಕೊಡಬೇಕು. ಫೋನ್ ನಂಬರ್ ಬದಲಾದರೆ ಹಳೇ ಬ್ಯಾಂಕುಗಳಿಗೂ ತಿಳಿಸಿ. ಕಂತು ತಪ್ಪಿದ ಸುದ್ದಿಯನ್ನು ಈ ಕಂಪನಿಗಳಿಗೆ ಕಳಿಸುವಾಗ ನಮಗೂ ಮೆಸೇಜ್ ಕಳಿಸಬೇಕು ಅಂತ ಈಗ ನಿಯಮ ಇದೆ. ನಂಬರೇ ಹಳೆಯದಾದರೆ ಅದು ಯಾರಿಗೆ ತಲುಪಬೇಕು?

ವರದಿಯನ್ನು ನಾಲ್ಕೂ ಕಂಪನಿಗಳಿಂದ ವರ್ಷಕ್ಕೊಂದು ಸಲ ಪುಕ್ಕಟೆಯಾಗಿ ಪಡೆಯಬಹುದು. ಓದುವಾಗ ಹಳೇ ಬ್ಯಾಂಕುಗಳ ಕಡೆ ಗಮನ ಇರಲಿ. ನಮ್ಮ ಕಡೆ ದೊಡ್ಡವರು ಈಗಲೂ ಮೈಸೂರು ಬ್ಯಾಂಕ್ ಅನ್ನುತ್ತಾರೆ, ಅದು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐಗೆ ಸೇರಿತು. ಹೀಗೆ ವಿಲೀನವಾದ ಬ್ಯಾಂಕಿನ ಸಾಲ ಹೊಸ ಹೆಸರಿನಲ್ಲಿ ಕಾಣಬಹುದು. ಒಂದೇ ಸಾಲ ಎರಡು ಕಡೆ ಇದೆಯಾ ನೋಡಿ. ತಪ್ಪಿದ್ದರೆ ಆ ಕಂಪನಿಯ ವೆಬ್‌ಸೈಟ್‌ನಲ್ಲೇ ದೂರು ಹಾಕಿ. 30 ದಿನದೊಳಗೆ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು, ಇದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಾದರೂ ಕೆಲಸ ಆಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, 14448ಕ್ಕೆ ಫೋನ್ ಮಾಡಿ ಕೇಳಬಹುದು. "ಹತ್ತು ಸಾವಿರ ಕೊಡಿ, ಸಿಬಿಲ್ ಕ್ಲಿಯರ್ ಮಾಡಿಸ್ತೀವಿ" ಅನ್ನುವವರಿಗೆ ಮಾತ್ರ ಕಾಸು ಕೊಡಬೇಡಿ. ನಿಜವಾಗಿ ಆದದ್ದನ್ನು ಯಾರೂ ಅಳಿಸಲಾರರು. ತಪ್ಪಾಗಿ ಬಂದದ್ದನ್ನು ನೀವೇ ಪುಕ್ಕಟೆಯಾಗಿ ತಿದ್ದಿಸಬಹುದು.

ಹಳೇ ಉಳಿತಾಯ ಖಾತೆ ಮೈನಸ್ ತೋರಿಸುತ್ತಿದೆ ಅಂತ ಕೆಲವರು ಹೆದರುತ್ತಾರೆ. ಕನಿಷ್ಠ ಬ್ಯಾಲೆನ್ಸ್ ಇಲ್ಲ ಅನ್ನುವ ಒಂದೇ ಕಾರಣದ ಶುಲ್ಕದಿಂದ ಉಳಿತಾಯ ಖಾತೆ ಮೈನಸ್‌ಗೆ ಹೋಗಬಾರದು ಅಂತ 2015ರ ಏಪ್ರಿಲ್‌ನಿಂದಲೇ ನಿಯಮ ಇದೆ. ಅದಕ್ಕೆ ಓಡಿ ಅಂಟಿಕೊಂಡಿದೆಯಾ ಅಂತ ಮಾತ್ರ ವಿಚಾರಿಸಿಕೊಳ್ಳಿ.

[ಅಂಗಡಿಯ ಗಲ್ಲಾ ಪೆಟ್ಟಿಗೆ, ಪಕ್ಕದಲ್ಲಿ ಸ್ಪೀಕರ್ ಡಬ್ಬಿ]

ನಾನು ಮೈಸೂರಿನ ಆ ಶಾಖೆಗೆ ಮೂರು ಸಲ ಹೋಗಿ, ಬಡ್ಡಿ ಚಾರ್ಜು ಎಲ್ಲಾ ಕಟ್ಟಿ, ಪತ್ರ ತಂದೆ. ವರದಿಯಲ್ಲಿ ಈಗ ಕ್ಲೋಸ್ಡ್ ಅಂತ ಇದೆ. ಹಳೇ ತಿಂಗಳುಗಳ ಎಸ್‌ಯುಬಿ ಇನ್ನೂ ಕಾಣುತ್ತದೆ, ಕಾಲ ಕಳೆದಂತೆ ಹಿಂದಕ್ಕೆ ಸರಿಯುತ್ತಿದೆ. ಚಿಕ್ಕಪ್ಪ ನೋಟಿಸು ಬಂದ ವಾರದಲ್ಲೇ ಕೊರತೆ ತುಂಬಿದರು. ಮಗ ಕೋಡ್ ಬದಲಾಯಿಸಿದ. ಈಗ ಆ ಡಬ್ಬಿ "ನೂರಾ ಇಪ್ಪತ್ತು ರೂಪಾಯಿ ಬಂದಿದೆ" ಅಂತ ಕೂಗಿದರೆ, ಆ ದುಡ್ಡು ಹೋಗುವುದು ಓಡಿ ಖಾತೆಗೇ.