ಮಿನಿಮಲ್ ಲಿನಕ್ಸ್ ಮೇಲೆ ವೆಬ್‌ಮಿನ್: ಐದು ನಿಮಿಷದ ಕೆಲಸ, ಅಂತಾರೆ

ಹಿಂದಿನ ಸಾಲಿಗೆ ಕೇಳಿಸುತ್ತಿದೆ ಅಲ್ವಾ? ಸರಿ.

ಬೆಳಿಗ್ಗೆ ಇದೇ ವೇದಿಕೆಯಲ್ಲಿ ಒಬ್ಬರು, ಮಿನಿಮಲ್ ಲಿನಕ್ಸ್‌ಗೆ ವೆಬ್‌ಮಿನ್ ಹಾಕೋದು ಐದು ನಿಮಿಷದ ಕೆಲಸ ಅಂದರು. ಮಿನಿಮಲ್ ಅಂದರೆ ಡೆಸ್ಕ್‌ಟಾಪ್ ಇಲ್ಲದೆ, ತೀರಾ ಬೇಕಾದಷ್ಟೇ ಪ್ರೋಗ್ರಾಮ್ ಇರುವ ಲಿನಕ್ಸ್; ವೆಬ್‌ಮಿನ್ ಅಂದರೆ ಸರ್ವರನ್ನು ಬ್ರೌಸರಿನಿಂದಲೇ ನಿಭಾಯಿಸುವ ಸಾಫ್ಟ್‌ವೇರ್. ನಿಜ, ಹಾಕೋದು ಐದೇ ನಿಮಿಷ. ನಾನು ಐದು ವಿಷಯ ಬರೆದುಕೊಂಡು ಬಂದಿದ್ದೆ, ಆದರೆ ಆ ಮಾತು ಕೇಳಿದಾಗಿನಿಂದ ತಲೆಯಲ್ಲಿ ಮೂಡಿಗೆರೆ ಕಡೆಯ ಒಂದು ತೋಟವೇ ಕೂತಿದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

2019ರ ಜೂನ್. ತೋಟದ ಆಫೀಸಿನ ಚೆಕ್‌ರೋಲ್‌ಗೆ, ಅಂದರೆ ಆಳುಗಳ ಹಾಜರಿ-ಕೂಲಿ ಲೆಕ್ಕಕ್ಕೆ, ಒಂದು ಸರ್ವರ್ ಬೇಕಿತ್ತು. ಅವರಲ್ಲಿ ಇದ್ದದ್ದು 2 ಜಿಬಿ ಮೆಮೊರಿಯ ಹಳೇ ಡಬ್ಬ. ಅದಕ್ಕೆ ಡೆಸ್ಕ್‌ಟಾಪ್ ಹಾಕಿದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ. ಸೆಂಟ್‌ಓಎಸ್ 7 ಅನ್ನೋ ಲಿನಕ್ಸ್‌ನ ಮಿನಿಮಲ್ ಹಾಕಿದೆ. ಕಪ್ಪು ಪರದೆ, ಮಿಣುಕುವ ಒಂದು ಕರ್ಸರ್. ತೋಟದ ಲೆಕ್ಕ ಬರೆಯುವ ರೈಟ್ರು ಬಗ್ಗಿ ನೋಡಿ, "ಇಷ್ಟೇನಾ ಸಾರ್? ಮೌಸ್ ಎಲ್ಲಿಗೆ ಸಿಗಿಸೋದು?" ಅಂದರು.

ಅವರಿಗೋಸ್ಕರವೇ ವೆಬ್‌ಮಿನ್ ಹಾಕಲು ಹೊರಟದ್ದು. ಬ್ರೌಸರಿನಲ್ಲೇ ಬ್ಯಾಕಪ್ ನೋಡಬಹುದು, ಯೂಸರ್ ಸೇರಿಸಬಹುದು. 1997ರಿಂದ ಇರುವ ಗಟ್ಟಿ ಸಾಫ್ಟ್‌ವೇರ್, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಐಪಿ, ಅಂದರೆ ಮೆಷಿನ್‌ನ ನೆಟ್‌ವರ್ಕ್ ವಿಳಾಸ, ನೋಡೋಣ ಅಂತ ಇಫ್‌ಕಾನ್ಫಿಗ್ ಕಮಾಂಡ್ ಹೊಡೆದೆ. ಇಲ್ಲ. ಫೈಲ್ ಇಳಿಸುವ ಡಬ್ಲ್ಯುಗೆಟ್? ಅದೂ ಇಲ್ಲ. ಅದೇ ಕೆಲಸದ ಕರ್ಲ್ ಇತ್ತು, ಪುಣ್ಯ. ವೆಬ್‌ಮಿನ್‌ನ ಇನ್‌ಸ್ಟಾಲ್ ಪ್ಯಾಕೇಜು, ಆರ್‌ಪಿಎಂ ಫೈಲ್, ಇಳಿಸಿ ಹಾಕಿದರೆ ಪರ್ಲ್ ಇಲ್ಲ ಅಂತ ಉದ್ದದ ಪಟ್ಟಿ. ವೆಬ್‌ಮಿನ್ ಪೂರ್ತಿ ಪರ್ಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಬರೆದದ್ದು. ಬರೀ ಆರ್‌ಪಿಎಂ ಕಮಾಂಡ್ ಬೇಕಾದ ಪ್ಯಾಕೇಜುಗಳನ್ನು ತಾನಾಗಿ ತರಲ್ಲ, ಯಮ್ ಅನ್ನೋ ಕಮಾಂಡ್ ತರುತ್ತೆ, ಈಗಿನವರಿಗೆ ಅದರ ಬದಲು ಡಿಎನ್‌ಎಫ್. ಅಷ್ಟರಲ್ಲಿ ಮಳೆ ಹೊಡೆದು ನೆಟ್ ಹೋಯಿತು. ಅಕ್ಕಿರೊಟ್ಟಿ ತಿಂದು ಕೂತೆವು. ಸಂಜೆ ನಾಲ್ಕಕ್ಕೆ ಬಂತು.

ಕೊನೆಗೂ ಇನ್‌ಸ್ಟಾಲ್ ಆಯಿತು. ಬ್ರೌಸರಿನಲ್ಲಿ ವೆಬ್‌ಮಿನ್‌ನ ಬಾಗಿಲು, 10000ನೇ ಪೋರ್ಟ್, ತೆರೆದರೆ ಪೇಜೇ ಬರಲ್ಲ. ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ಅಡ್ಡ. ಕತ್ತಲಾಗುತ್ತಿತ್ತು, ಘಾಟಿ ರಸ್ತೆಯ ಯೋಚನೆ ಬೇರೆ. ಆ ಫೈರ್‌ವಾಲ್ ನಡೆಸುವ ಫೈರ್‌ವಾಲ್‌ಡಿಯನ್ನೇ ನಿಲ್ಲಿಸಿ, ಡಿಸೇಬಲ್ ಮಾಡಿದೆ. ಸಾಲದ್ದಕ್ಕೆ ಹಾಸನದ ಮನೆಯಿಂದಲೇ ನೋಡೋಣ ಅಂತ ರೂಟರಿನಲ್ಲೂ ಅದೇ ಪೋರ್ಟ್ ಇಂಟರ್ನೆಟ್ಟಿಗೆ ತೆರೆದಿಟ್ಟು ಬಂದೆ.

ನಗಬೇಡಿ, ನಿಮ್ಮಲ್ಲಿ ಅರ್ಧ ಜನ ಇದನ್ನೇ ಮಾಡಿದ್ದೀರಿ.

ಹೇಳಿ, ಮಿನಿಮಲ್ ಹಾಕಿದ್ದು ಯಾಕೆ? ಕಡಿಮೆ ಪ್ರೋಗ್ರಾಮ್ ಇರಲಿ, ಕಡಿಮೆ ಪೋರ್ಟ್ ತೆರೆದಿರಲಿ ಅಂತ ತಾನೆ? ಅದರ ಮೇಲೆ ರೂಟ್, ಅಂದರೆ ಮೆಷಿನ್‌ನ ಪೂರ್ತಿ ಅಧಿಕಾರದಲ್ಲಿ ಓಡುವ ಒಂದು ವೆಬ್ ಪುಟ ಕೂರಿಸಿ ಇಡೀ ಜಗತ್ತಿಗೆ ತೋರಿಸಿದರೆ ಮಿನಿಮಲ್‌ಗೆ ಏನರ್ಥ?

ಆಗಸ್ಟ್‌ನಲ್ಲಿ ಸುದ್ದಿ ಬಂತು. ವೆಬ್‌ಮಿನ್ ಪ್ಯಾಕೇಜು ತಯಾರಾಗುವ ಬಿಲ್ಡ್ ಸರ್ವರಿಗೇ ಯಾರೋ ನುಗ್ಗಿ ಕಳ್ಳ ಕೋಡ್ ಸೇರಿಸಿದ್ದರು. 1.890ನೇ ಆವೃತ್ತಿಯಲ್ಲಿ ಸುಮ್ನೆ ಇನ್‌ಸ್ಟಾಲ್ ಮಾಡಿದ್ದರೂ ಅಪಾಯ. 1.900ರಿಂದ 1.920ರವರೆಗೆ, ಅವಧಿ ಮುಗಿದ ಪಾಸ್‌ವರ್ಡ್ ಬದಲಿಸಲು ಬಿಡುವ ಆಯ್ಕೆ ಆನ್ ಇದ್ದರೆ ಮಾತ್ರ. ತೋಟದಲ್ಲಿ ಇದ್ದದ್ದು 1.910. ಆ ವಾರ ಮೂಡಿಗೆರೆ ಕಡೆ ಗುಡ್ಡ ಕುಸಿದು ರಸ್ತೆಗಳೇ ಇಲ್ಲ, ಕರೆಂಟೂ ಇಲ್ಲ, ಅಂದರೆ ಸರ್ವರೂ ಆಫ್. ಮಳೆಗೆ ಅಷ್ಟು ಕೈ ಮುಗಿದದ್ದು ಅದೇ ಮೊದಲು! ಆಮೇಲೆ ಹೋಗಿ ನೋಡಿದರೆ ಆ ಆಯ್ಕೆ ಆಫ್ ಇತ್ತು. ಆದರೆ ಲಾಗಿನ್ ಪ್ರಯತ್ನ ದಾಖಲಾಗುವ ಸೆಕ್ಯೂರ್ ಲಾಗ್ ತುಂಬ ರೂಟ್, ಅಡ್ಮಿನ್, ಟೆಸ್ಟ್ ಅಂತ ಯಾರ್ಯಾರೋ ಲಾಗಿನ್ ಆಗಲು ನೋಡಿದ ಸಾಲುಗಳು. ರೈಟ್ರು ಕೇಳಿದರು, "ಇವರೆಲ್ಲ ನಮ್ಮ ಆಳುಗಳಾ ಸಾರ್?"

ಅವತ್ತೇ 1.930 ಹಾಕಿ, ರೂಟರಿನ ಪೋರ್ಟ್ ತೆಗೆದು, ಫೈರ್‌ವಾಲ್‌ಡಿ ಮತ್ತೆ ಶುರು ಮಾಡಿದೆ.

ಚೀಟಿ ಬಂತು, ನನಗೆ ಉಳಿದದ್ದು ಐದು ನಿಮಿಷವಂತೆ. ನೋಡಿ, ವೆಬ್‌ಮಿನ್ ಹಾಕುವಷ್ಟೇ ಟೈಮು.

ಬೇಗ ಹೇಳುತ್ತೇನೆ. ಫೈರ್‌ವಾಲ್‌ನಲ್ಲಿ 10000 ತೆರೆಯಲೇಬೇಡಿ. ವೆಬ್‌ಮಿನ್‌ನ ಮಿನಿಸರ್ವ್ ಡಾಟ್ ಕಾನ್ಫ್ ಫೈಲಿನಲ್ಲಿ ಬೈಂಡ್ ವಿಳಾಸ 127.0.0.1 ಅಂತ ಕೊಡಿ, ಆಗ ಅದು ಆ ಮೆಷಿನ್‌ಗೆ ಮಾತ್ರ ಸಿಗುತ್ತೆ; ನಿಮ್ಮ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಟನಲ್, ಅಂದರೆ ಸರ್ವರಿಗೆ ಗುಪ್ತ ದಾರಿ, ಮಾಡಿ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ತೆರೆಯಿರಿ. ಎರಡನೆಯದು ಕಾಕ್‌ಪಿಟ್, ವೆಬ್‌ಮಿನ್ ತರಹದ್ದೇ ಇನ್ನೊಂದು, ಪೋರ್ಟ್ 9090. ಯಾರೂ ಬಳಸದಾಗ ಸುಮ್ಮನಿರುತ್ತೆ, ಸಣ್ಣ ಮೆಷಿನ್‌ಗೆ ನನಗೆ ಇಷ್ಟ. ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೇ ಅಪ್‌ಡೇಟ್ ನಿಂತಿದೆ, ಇನ್ನೂ ಇಟ್ಟುಕೊಂಡವರು ಆಮೇಲೆ ಬಂದು ಮಾತಾಡಿ, ಎಲ್ಲರ ಮುಂದೆ ಬೈಯಲ್ಲ. ಬ್ಯಾಕಪ್ ವಿಷಯ ಇವತ್ತು ಆಗಲ್ಲ.

ಲ್ಯಾಪ್‌ಟಾಪ್ ತಂದವರು ಊಟಕ್ಕೆ ಮೊದಲು ನಿಮ್ಮ ಸರ್ವರಿಗೆ ಲಾಗಿನ್ ಆಗಿ ss -tlnp ಹೊಡೆಯಿರಿ, ಯಾವ ಪೋರ್ಟ್ ತೆರೆದಿದೆ ಅಂತ ತೋರಿಸುತ್ತೆ. 10000ದ ಎಡಕ್ಕೆ 0.0.0.0 ಅಂತ, ಅಂದರೆ ಯಾವ ವಿಳಾಸಕ್ಕಾದರೂ ತೆರೆದಿದೆ ಅಂತ, ಕಂಡರೆ ನನ್ನ ಹತ್ತಿರ ಬನ್ನಿ. ಅಲ್ಲಿ, ನೀಲಿ ಸ್ವೆಟರಿನವರು ಆಗಲೇ ಕೈ ಎತ್ತಿದ್ದೀರಲ್ಲ, ಹೇಳಿ.